33 ಕಿ.ಮೀ. ನೀರು ಬ್ರಿಟನ್ನನ್ನು ಇಷ್ಟು ಬೇರೆ ಮಾಡಿತೇ?

ಪ್ರಶ್ನೆ: ಭೂಪಟದಲ್ಲಿ ನೋಡಿದರೆ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಇರುವುದು ಚೂರು ಸಮುದ್ರ. ಆದರೂ ಬ್ರಿಟಿಷರು ಯುರೋಪಿನಿಂದ ದೂರವೇ ಉಳಿದರು, ಕೊನೆಗೆ ಒಕ್ಕೂಟವನ್ನೂ ಬಿಟ್ಟರು. ದ್ವೀಪವಾಗಿರುವುದೇ ಇದಕ್ಕೆ ಕಾರಣವೇ?
– ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಅರ್ಧ ಹೌದು, ಅರ್ಧ ಅಲ್ಲ.

ಇಂಗ್ಲೆಂಡಿನ ಡೋವರ್ ಹತ್ತಿರ ಆ ಸಮುದ್ರದ ಅಗಲ ಸುಮಾರು 33 ಕಿ.ಮೀ. ಆಕಾಶ ತಿಳಿಯಾಗಿದ್ದರೆ ಆಚೆ ದಡ ಕಾಣುತ್ತದೆ. ಅಷ್ಟು ನೀರು ತಾನಾಗಿ ಯಾರನ್ನೂ ತಡೆಯುವುದಿಲ್ಲ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮಂಡಿಯ ವಿಲಿಯಂ ದಾಟಿ ಬಂದು ಗೆದ್ದ. 1688ರಲ್ಲಿ ಇನ್ನೊಬ್ಬ ವಿಲಿಯಂ ಡಚ್ಚರ ನಾಡಿನಿಂದ ಹಡಗುಗಳ ಹಿಂಡಿನೊಂದಿಗೆ ಬಂದು ಮರುವರ್ಷ ರಾಜನಾದ. (ಅವನನ್ನು ಕರೆಸಿಕೊಂಡವರು ಇಂಗ್ಲೆಂಡಿನವರೇ ಅನ್ನಿ!) ನೌಕಾಪಡೆ ಬಲವಾದ ಮೇಲಷ್ಟೇ ನೀರು ಕೋಟೆಯಾಯಿತು. ನೆಪೋಲಿಯನ್ ಫ್ರಾನ್ಸಿನ ಬೂಲೋನ್ ದಡದಲ್ಲಿ ಸೈನ್ಯ ಸೇರಿಸಿ ಕಾದ. 1805ರಲ್ಲಿ ದಾಟದೆಯೇ ಹಿಂತಿರುಗಿದ.

ಇದರ ನಿಜವಾದ ಫಲ ಕಂಡಿದ್ದು ಮನೆಯೊಳಗೆ. ಕಾವಲಿಗೆ ಹಡಗು ಸಾಕಾದರೆ ನೆಲದ ಮೇಲೆ ದೊಡ್ಡ ಸೈನ್ಯ ಬೇಕಿಲ್ಲ. ಸೈನ್ಯವಿಲ್ಲದ ರಾಜ ಪಾರ್ಲಿಮೆಂಟನ್ನು ಹೆದರಿಸುವುದು ಕಷ್ಟ, ಅಲ್ವಾ? ಶಾಂತಿಯ ದಿನಗಳಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ಸೈನ್ಯ ಇಡುವಂತಿಲ್ಲ ಎಂದು 1689ರಲ್ಲೇ ಕಾನೂನಾಯಿತು. ಉದ್ದುದ್ದ ನೆಲದ ಗಡಿಯಿದ್ದ ಪ್ರಶ್ಯಕ್ಕೆ (ಹಳೆಯ ಜರ್ಮನ್ ರಾಜ್ಯ) ಈ ಅನುಕೂಲ ಇರಲಿಲ್ಲ.

ಜೊತೆಗೆ ಒಂದು ಭಯವೂ ಬೇರೂರಿತು. 1880ರ ಸುಮಾರಿಗೆ ಸಮುದ್ರದಡಿ ರೈಲು ಸುರಂಗ ಅಗೆಯಲು ಶುರು ಮಾಡಿದ್ದರು. ಎರಡೂ ಕಡೆ ಒಂದೂವರೆ ಕಿ.ಮೀ.ಗಿಂತ ಜಾಸ್ತಿ ಕೊರೆದಾಗಿತ್ತು. ಫ್ರೆಂಚ್ ಸೈನ್ಯ ಅದರಲ್ಲೇ ನುಗ್ಗಿದರೆ ಎಂದು ಬ್ರಿಟಿಷ್ ಸೇನಾಧಿಕಾರಿಗಳು ಬೊಬ್ಬೆ ಹಾಕಿದರು. 1882ರಲ್ಲಿ ಸರ್ಕಾರ ಕೆಲಸ ನಿಲ್ಲಿಸಿತು. ಸುರಂಗ ತೆರೆದದ್ದು 1994ರಲ್ಲಿ!

ಹಾಗಂತ ದೂರವೇ ನಿಂತರು ಎನ್ನುವುದು ಪೂರ್ತಿ ಸರಿಯಲ್ಲ. ಎದುರು ದಡ ಯಾರ ಕೈಯಲ್ಲಿದೆ ಎಂಬ ಚಿಂತೆ ಅವರನ್ನು ಬಿಟ್ಟಿದ್ದೇ ಇಲ್ಲ. ಬೆಲ್ಜಿಯಂ ತಟಸ್ಥವಾಗಿರಲಿ ಎಂದು 1839ರಲ್ಲಿ ಸಹಿ ಹಾಕಿದ್ದರು. 1914ರಲ್ಲಿ ಜರ್ಮನಿ ಅಲ್ಲಿಗೆ ನುಗ್ಗಿತು, ಬ್ರಿಟನ್ ಯುದ್ಧಕ್ಕಿಳಿಯಿತು.

ಇನ್ನು ಬ್ರೆಕ್ಸಿಟ್, ಅಂದರೆ ಒಕ್ಕೂಟ ಬಿಟ್ಟದ್ದು. ಅದನ್ನು ಸುಮ್ನೆ ಸಮುದ್ರದ ತಲೆಗೆ ಕಟ್ಟಬೇಡಿ. ಅದೇ ಸಮುದ್ರ ಇದ್ದಾಗಲೇ ಬ್ರಿಟನ್ 1973ರಲ್ಲಿ ಯುರೋಪಿನ ಕೂಟ ಸೇರಿತ್ತು. 1975ರ ಜನಮತದಲ್ಲಿ ಶೇ. 67ರಷ್ಟು ಮತ 'ಇರೋಣ' ಎಂಬುದಕ್ಕೇ ಬಿತ್ತು. 2016ರಲ್ಲಿ ಒಟ್ಟು ಶೇ. 52ರಷ್ಟು 'ಬಿಡೋಣ' ಎಂದಾಗಲೂ, ಅದೇ ದ್ವೀಪದ ಸ್ಕಾಟ್ಲೆಂಡ್ ಶೇ. 62ರಷ್ಟು 'ಇರೋಣ' ಎಂದಿತು.

ಬಿಟ್ಟ ಮೇಲೆ ಭೂಗೋಳ ಕಾಟ ಕೊಟ್ಟಿದ್ದು ಸಮುದ್ರದ ಕಡೆಯಿಂದಲ್ಲ, ನೆಲದ ಕಡೆಯಿಂದ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿ.ಮೀ. ಗಡಿಯಿದೆ, ಹೊಲ ರಸ್ತೆಗಳ ನಡುವೆ ಹಾದುಹೋಗುತ್ತದೆ. ಮೂರು ದಶಕದ ಹಿಂಸೆ ಕಂಡ ನೆಲ ಅದು. 1998ರ ಶಾಂತಿ ಒಪ್ಪಂದದ ನಂತರ ಗಡಿಯಲ್ಲಿ ಕಾವಲು ಕಾಣದಾಗಿತ್ತು. ಅಲ್ಲಿ ಮತ್ತೆ ಗೇಟು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ತಪಾಸಣೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್, ಲಾರ್ನ್ ಬಂದರುಗಳಿಗೆ ಹೋಯಿತು, ಅಂದರೆ ತಮ್ಮ ದೇಶದೊಳಗೇ ಸಾಗುವ ಸರಕಿಗೆ! ಬ್ರಿಟನ್ ಮತ್ತು ಒಕ್ಕೂಟದ ನಡುವಿನ 2023ರ ವಿಂಡ್ಸರ್ ಒಪ್ಪಂದ ಅದನ್ನು ಸಡಿಲಿಸಿತು, ಪೂರ್ತಿ ತೆಗೆಯಲಿಲ್ಲ.