"ಅದು ನಮ್ಮಪ್ಪ, ಮೇಡಂ"

ಗೆಳೆಯರ "ತಮಾಷೆ"ಯಿಂದ ನೊಂದು ಆಪ್ತಸಮಾಲೋಚನೆಗೆ ಈ ವರ್ಷ ನನ್ನ ಬಳಿ ಬಂದ ಮೂರನೆಯ ಪ್ರಕರಣ ಇದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗನಿಗೆ 19 ವರ್ಷ. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲೇ, ಕನ್ನಡ ನೀರು ಕುಡಿದಷ್ಟು ಸಲೀಸು. ಅಪ್ಪ ನೇಪಾಳದ ಹಳ್ಳಿಯಿಂದ ಬಂದವರು, ಅಪಾರ್ಟ್‌ಮೆಂಟ್ ಒಂದರಲ್ಲಿ ವಾಚ್‌ಮನ್. 1950ರ ಒಪ್ಪಂದ ಇರುವುದರಿಂದ ನೇಪಾಳದವರು ವೀಸಾ ಇಲ್ಲದೆ ಇಲ್ಲಿ ಬಂದು ದುಡಿಯಬಹುದು. ಹುಡುಗ ನಿದ್ದೆ ಬರ್ತಿಲ್ಲ ಅಂತ ಬಂದಿದ್ದ.

ಮೊದಲ ಎರಡು ಭೇಟಿಯಲ್ಲಿ ಏನೂ ಹೇಳಲಿಲ್ಲ. ಮೂರನೆಯ ಸಲ ಮೊಬೈಲ್ ತೆಗೆದು, ತಾನು ಆನ್‌ಲೈನ್ ಗೇಮ್ ಆಡುವ ಗೆಳೆಯರ ಗ್ರೂಪ್ ತೋರಿಸಿದ. ಇವನು ಬಂದರೆ "ಶಾಬ್‌ಜಿ, ಗೇಟ್ ತೆಗೀರಿ". ಸೋತರೆ "ಬಹದ್ದೂರ್ ಡ್ಯೂಟಿಯಲ್ಲಿ ಮಲಗಿಬಿಟ್ಟ". ನಡುನಡುವೆ ಒಂದೇ ಸ್ಟಿಕ್ಕರ್. ಯೂನಿಫಾರ್ಮ್ ಹಾಕಿಕೊಂಡು ಕುರ್ಚಿಯಲ್ಲಿ ತೂಕಡಿಸುತ್ತಿರುವ ಒಬ್ಬ ಮನುಷ್ಯ.

"ಯಾರಿದು?" ಅಂದೆ.

"ಅದು ನಮ್ಮಪ್ಪ, ಮೇಡಂ."

"ಯಾರು ಮಾಡಿದ್ದು?"

"ನಾನೇ."

ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅವನೇ ಶುರು ಮಾಡಿದ. "ಗೆಳೆಯರು ಹೇಳೋಕೆ ಮುಂಚೆ ನಾನೇ ಹೇಳಿಬಿಟ್ರೆ ಜಾಸ್ತಿ ನೋಯಲ್ಲ ಅನ್ಕೊಂಡೆ. ಮೊನ್ನೆ ಗೊತ್ತೇ ಇಲ್ಲದವರು ಯಾರೋ ಇದನ್ನ ಬೇರೆ ಗ್ರೂಪಲ್ಲಿ ಹಾಕಿದ್ರು. ಅವರಿಗೆ ಇದು ನಮ್ಮಪ್ಪ ಅಲ್ಲ ಮೇಡಂ. ಸುಮ್ನೆ ಒಬ್ಬ ನೇಪಾಳಿ."

ಗ್ರೂಪ್ ಬಿಟ್ಟುಬಿಡು ಅಂತ ನಾನು ಹೇಳಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ಸರಿ ಕಾಣಲಿಲ್ಲ. ಆದರೆ ಅವನ ಗೆಳೆಯರೆಲ್ಲ ಅಲ್ಲೇ ಇದ್ದಾರೆ. ಅವರನ್ನೂ ಕಳೆದುಕೊಂಡು ಅವನು ಎಲ್ಲಿಗೆ ಹೋಗಬೇಕು? ನಾನು ಹೇಳಿದ್ದು ಇಷ್ಟೇ. ಆ ಜೋಕಿಗೆ ನೀನು ನಗಬೇಡ, ನಗುವ ಇಮೋಜಿಯೂ ಬೇಡ. ಎಲ್ಲರೆದುರು ಜಗಳ ತೆಗೆಯಬೇಡ, ಎಲ್ಲರೆದುರು ಸಿಕ್ಕಿಬಿದ್ದವನು ಮಾನ ಉಳಿಸಿಕೊಳ್ಳಲು ಇನ್ನೂ ಹಟ ಹಿಡಿಯುತ್ತಾನೆ. ಹತ್ತಿರದ ಒಬ್ಬನಿಗೆ ಫೋನ್ ಮಾಡಿ "ನಂಗೆ ನೋವಾಗುತ್ತೆ ಕಣೋ" ಅನ್ನು.

"ತಮಾಷೆ ತಾನೇ?" ಅನ್ನುವವರಿಗೆ ಒಂದು ಮಾತು. ಇಂಥ ಜೋಕಿನ ಬಗ್ಗೆ ಥಾಮಸ್ ಫೋರ್ಡ್ ಮತ್ತು ಮಾರ್ಕ್ ಫರ್ಗುಸನ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಬರೆದಿದ್ದಾರೆ. ಮೊದಲೇ ತಾತ್ಸಾರ ಇರುವವರಿಗೆ ಅದು "ಇಲ್ಲಿ ಇದೆಲ್ಲ ನಡೆಯುತ್ತೆ" ಅನ್ನುವ ಧೈರ್ಯ ಕೊಡುತ್ತದೆ. ಬೇರೆ ದೇಶದವರ ಜೊತೆ ಆಡುವಾಗ ನಮ್ಮ ಮಕ್ಕಳ ಇಂಗ್ಲಿಷ್ ಕೇಳಿ "ಕಾಲ್ ಸೆಂಟರ್ ಮೋಸಗಾರ" ಅಂದರೆ ನಮಗೆ ಉರಿಯುತ್ತದೆ, ಅಲ್ವಾ? ನನ್ನ ಬಳಿ ಬಂದ ಇನ್ನೊಬ್ಬಳು ಡಾರ್ಜಿಲಿಂಗಿನ ಹುಡುಗಿ, ಭಾರತೀಯಳೇ. ಅವಳ ಮನೆಮಾತು ನೇಪಾಳಿ 1992ರಿಂದ ನಮ್ಮ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ, ಕನ್ನಡ ಇರುವ ಪಟ್ಟಿಯಲ್ಲೇ ಇದೆ. ಅವಳಿಗೂ ಇದೇ "ಬಹದ್ದೂರ್".

ಹುಡುಗ ಫೋನ್ ಮಾಡಿದ. ಗೆಳೆಯ ಮೊದಲು "ನೀನೇ ಹಾಕಿದ್ದಲ್ವೇನೋ" ಅಂದನಂತೆ. ಅದು ಅಪ್ಪನ ಫೋಟೋ ಅಂತ ಗೊತ್ತಾದ ಮೇಲೆ ಸುಮ್ಮನಾದ. ಅವತ್ತೇ ತನ್ನ ಮೊಬೈಲಿನಿಂದ ಆ ಸ್ಟಿಕ್ಕರ್ ಅಳಿಸಿದ. ಉಳಿದವರ ಮೊಬೈಲಿನಲ್ಲಿ ಅದು ಇನ್ನೂ ಇದೆ.

ಈಗ ಅವನು ರಾತ್ರಿ ಊಟ ಆದ ಮೇಲೆ ಗೇಟಿನ ಹತ್ತಿರ ಅಪ್ಪನ ಜೊತೆ ಸ್ವಲ್ಪ ಹೊತ್ತು ಕೂತು ಬರುತ್ತಾನೆ. ಸ್ಟಿಕ್ಕರ್ ವಿಷಯ ಅವರಿಗೆ ಇನ್ನೂ ಹೇಳಿಲ್ಲ.