ಗುಡ್ಡದಾಚೆಗೆ ದನಿ ದಾಟಿಸುವುದು: ಹ್ಯಾಮ್ ರೇಡಿಯೋ ಪ್ರಶ್ನೋತ್ತರ

ಪ್ರಶ್ನೆ: ನನಗೂ ನಮ್ಮ ಭಾವನಿಗೂ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. ಎರಡು ಮನೆಗಳ ನಡುವೆ ಆರು ಕಿ.ಮೀ., ಅಡ್ಡಕ್ಕೆ ಒಂದೇ ಗುಡ್ಡ. 5 ವಾಟ್‌ನ ವಾಕಿಟಾಕಿಯಲ್ಲಿ ಬರೀ ಗೊರಗೊರ. 25 ವಾಟ್‌ನ ಸೆಟ್ ತಂದರೆ ಕೇಳಿಸೀತೆ?
— ಆಗುಂಬೆ ಕಡೆಯ ಓದುಗರು

ಉತ್ತರ: ಸದ್ಯಕ್ಕೆ ದುಡ್ಡು ಉಳಿಸಿಕೊಳ್ಳಿ. 144–146 ಮೆಗಾಹರ್ಟ್ಸ್ ಅಲೆ ಹೆಚ್ಚುಕಡಿಮೆ ಕಣ್ಣೋಟದ ಹಾಗೆ ನೇರ ಹೋಗುವಂಥದ್ದು. ಶಕ್ತಿ ಐದು ಪಟ್ಟಾದರೂ ಕೈಗೆ ಸಿಗುವುದು 7 ಡೆಸಿಬಲ್ (ಅಲೆಯ ಬಲದ ಏರಿಳಿತ ಅಳೆಯುವ ಮಾನ). ದಪ್ಪ ಗುಡ್ಡ ಅದಕ್ಕಿಂತ ಎಷ್ಟೋ ಹೆಚ್ಚು ನುಂಗುತ್ತದೆ.

ಮೊದಲು ಸೆಟ್ಟಿನ ರಬ್ಬರ್ ಆಂಟೆನಾ ಕಳಚಿ, ಮಾಡಿನ ಮೇಲೆ ಗ್ರೌಂಡ್‌ಪ್ಲೇನ್ ಎಂಬ ಆಂಟೆನಾ ನಿಲ್ಲಿಸಿ. ಎಸ್‌ಒ-239 ಎಂಬ ಕೇಬಲ್ ಸಾಕೆಟ್‌ನ ನಡುವಿನ ಪಿನ್ನಿಗೆ 49 ಸೆಂ.ಮೀ. ತಾಮ್ರದ ಸರಳು, ನಾಲ್ಕು ಮೂಲೆಗಳಿಗೆ 51 ಸೆಂ.ಮೀ.ನ ನಾಲ್ಕು ಸರಳು, ಅವು 45 ಡಿಗ್ರಿ ಕೆಳಕ್ಕೆ ಬಾಗಿರಲಿ. ಗುಡ್ಡದ ನೆತ್ತಿ ಚೂಪಾಗಿದ್ದರೆ ಅಲೆ ಅಂಚಿನಲ್ಲಿ ಒಂದಿಷ್ಟು ಬಾಗಿ ಆಚೆ ಇಳಿಯುವುದುಂಟು, ಅಷ್ಟೇ ಸಾಕಾಗಬಹುದು.

ಆಗಲೂ ಆಗದಿದ್ದರೆ ಗುಡ್ಡದ ಜೊತೆ ಗುದ್ದಾಡುವುದು ಬಿಟ್ಟು 7 ಮೆಗಾಹರ್ಟ್ಸ್‌ಗೆ ಹೋಗಿ. ಆಂಟೆನಾ ತಂತಿಯನ್ನು ಬೇಕೆಂದೇ ತಗ್ಗಿನಲ್ಲಿ, ನಾಲ್ಕೈದು ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆ ನೆತ್ತಿಯ ಮೇಲಕ್ಕೆ ಹೋಗಿ, ಅಯಾನುಗೋಲಕ್ಕೆ (ಬಹು ಎತ್ತರದಲ್ಲಿ ವಿದ್ಯುದಾವೇಶ ಪಡೆದ ಗಾಳಿಯ ಪದರ) ತಾಗಿ, ಸೋನೆಮಳೆಯ ಹಾಗೆ ಸುತ್ತಲೂ ಇಳಿಯುತ್ತದೆ. ಸುಮಾರು 300 ಕಿ.ಮೀ. ಒಳಗೆ ಗುಡ್ಡ, ಕಣಿವೆ ಯಾವುದೂ ಲೆಕ್ಕಕ್ಕಿಲ್ಲ. 7.1 ಮೆಗಾಹರ್ಟ್ಸ್‌ನ ಡೈಪೋಲ್‌ಗೆ (ನಡುವೆ ಕೇಬಲ್ ಕೂಡುವ, ಎರಡು ಬದಿಯ ತಂತಿ ಆಂಟೆನಾ) ಒಟ್ಟು 20.1 ಮೀಟರ್ ತಂತಿ ಬೇಕು. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಏಳೆಂಟು ಮರದ ಉದ್ದ. ಒಂದೊಂದು ಬದಿಗೆ 10.3 ಮೀಟರ್ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸಾಗುತ್ತಿದೆ ಎಂಬ ಅಳತೆ; 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ನೋಡುತ್ತ ಎರಡೂ ತುದಿಯನ್ನು ಐದೈದು ಸೆಂ.ಮೀ. ಮಡಚುತ್ತ ಬನ್ನಿ. ಪಿವಿಸಿ ಹೊದಿಕೆಯ ಮನೆ ವಯರ್ ಆದರೆ ಲೆಕ್ಕಕ್ಕಿಂತ ಗಿಡ್ಡವಾಗಿಯೇ ಹೊಂದುತ್ತದೆ, ಗಾಬರಿ ಬೇಡ. ಗಾಳಿಗೆ ಅಡಿಕೆ ಮರ ತೂಗುವುದರಿಂದ ತಂತಿಯನ್ನು ಬಿಗಿದು ಕಟ್ಟಬೇಡಿ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕಲ್ಲು ತೂಗುಬಿಡಿ.

ಕತ್ತಲಾದ ಮೇಲೆ ಇದೇ ಬ್ಯಾಂಡ್‌ನಲ್ಲಿ ಹತ್ತಿರದವರು ಮಾಯವಾಗಿ ದೂರದವರು ಕೇಳಿಸತೊಡಗಿದರೆ ಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ರಾತ್ರಿ ಅಯಾನುಗೋಲ ತೆಳುವಾಗಿ, ನೇರ ಮೇಲೆ ಹೋದ 7 ಮೆಗಾಹರ್ಟ್ಸ್ ಅಲೆ ವಾಪಸು ಬರುವುದಿಲ್ಲ. ಆಗ 3.6 ಮೆಗಾಹರ್ಟ್ಸ್, ತಂತಿ 39.7 ಮೀಟರ್.

ಪ್ರಶ್ನೆ: 145 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ 1.6 ಇದೆ. ಆದರೂ ಮಳೆಗಾಲದಲ್ಲಿ ನಮ್ಮ ಮಾತು ಯಾರಿಗೂ ಕೇಳುವುದಿಲ್ಲ. ಕೇಬಲ್ ಆರ್‌ಜಿ-58, 30 ಮೀಟರ್.
— ಸಾಗರ

ಉತ್ತರ: ಆಂಟೆನಾ ಬಿಚ್ಚಿಟ್ಟು, ಕಡಿಮೆ ಶಕ್ತಿಯಲ್ಲಿ ಒಂದು ಕ್ಷಣ ಮತ್ತೆ ಅಳೆಯಿರಿ. ಆಂಟೆನಾ ಇಲ್ಲದಾಗ ಶಕ್ತಿಯೆಲ್ಲ ವಾಪಸು ಬಂದು ಎಸ್‌ಡಬ್ಲ್ಯುಆರ್ ವಿಪರೀತ ಏರಬೇಕು. ಆಗಲೂ ಸುಮಾರು 1.7 ತೋರಿಸಿದರೆ ಮೀಟರ್ ಇಷ್ಟು ದಿನ ಕೇಬಲ್ಲಿನ ಸೋರಿಕೆಯನ್ನೇ ಹೊಗಳುತ್ತಿತ್ತು ಎಂದರ್ಥ! ಈ ಉದ್ದದ ಆರ್‌ಜಿ-58 ಒಣಗಿದ್ದಾಗಲೇ 6 ಡೆಸಿಬಲ್ ತಿನ್ನುತ್ತದೆ, ಅಂದರೆ ನಾಲ್ಕರಲ್ಲಿ ಮೂರು ಪಾಲು ಶಕ್ತಿ. ನೀರು ಕುಡಿದರೆ ಇನ್ನೂ ಹೆಚ್ಚು. ಕೇಬಲ್ ತುದಿಯ ಪಿಎಲ್-259 ಕನೆಕ್ಟರ್ ಹುಟ್ಟಾ ನೀರು ತಡೆಯುವಂಥದ್ದಲ್ಲ. ಒಳಗಿನ ಜಾಲರಿ ಕಪ್ಪಾಗಿದ್ದರೆ ಆ ಕೇಬಲ್ ಎಸೆಯಿರಿ. ಅದಕ್ಕಿಂತ ದಪ್ಪದ ಆರ್‌ಜಿ-213 ಕೇಬಲ್ ಹಾಕಿ, ಜೋಡಣೆಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಮನೆಯೊಳಗೆ ಹೋಗುವ ಮುಂಚೆ ಕೇಬಲ್ ಒಮ್ಮೆ ಕೆಳಕ್ಕೆ ಜೋತುಬಿದ್ದಿರಲಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಪ್ರಶ್ನೆ: ಮೂರು ದಿನ ಕರೆಂಟ್ ಇಲ್ಲದಿದ್ದರೆ ಮನೆಯ ಯುಪಿಎಸ್ ಬ್ಯಾಟರಿ ಸಾಕೆ?
— ಹೊಸನಗರ

ಉತ್ತರ: ಸಾಕು, ಅದರಲ್ಲಿ ಟಿವಿ ನೋಡದಿದ್ದರೆ. 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಅರ್ಧ, ಅಂದರೆ 75 ಮಾತ್ರ ನಿಮ್ಮದು ಎಂದುಕೊಳ್ಳಿ. 25 ವಾಟ್‌ನ ಸೆಟ್ ಮಾತಾಡುವಾಗ ಸುಮಾರು 6 ಆಂಪಿಯರ್, ಕೇಳುವಾಗ ಅರ್ಧ ಆಂಪಿಯರ್ ಎಳೆಯುತ್ತದೆ. ಹತ್ತರಲ್ಲೊಂದು ಪಾಲು ಹೊತ್ತು ಮಾತಾಡಿದರೆ ಸರಾಸರಿ 1.05 ಆಂಪಿಯರ್, 71 ಗಂಟೆ ಬರುತ್ತದೆ. ಗಂಟೆಗೊಮ್ಮೆ 15 ನಿಮಿಷ ಮಾತ್ರ ಸೆಟ್ ಹಾಕುವುದೆಂದು ಎಲ್ಲರೂ ಮೊದಲೇ ಗೊತ್ತುಮಾಡಿಕೊಂಡರೆ ಅದರ ನಾಲ್ಕು ಪಟ್ಟು. ಬ್ಯಾಟರಿಯಿಂದ ನೇರ 12 ವೋಲ್ಟ್ ತೆಗೆದುಕೊಳ್ಳಿ, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ. ಹೆಚ್ಚಿನವರು ಎಡವುವುದು ವಯರ್‌ನಲ್ಲಿ: ಐದು ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವಯರ್ ಎಳೆದರೆ ಮಾತಾಡುವಾಗ 0.7 ವೋಲ್ಟ್ ದಾರಿಯಲ್ಲೇ ಖರ್ಚಾಗಿ, ಗುಂಡಿ ಒತ್ತಿದಾಗಲೆಲ್ಲ ಸೆಟ್ ಆಫ್ ಆಗುತ್ತದೆ. 4 ಚದರ ಮಿ.ಮೀ. ಬಳಸಿ.

ಪ್ರಶ್ನೆ: ಲೈಸೆನ್ಸ್ ಇಲ್ಲದ ನಮ್ಮ ಯುವಕ ಸಂಘ ವಾಕಿಟಾಕಿ ಬಳಸಬಹುದೆ? ಸಂದೇಶ ಹೇಳುವ ಕ್ರಮ ಏನು?
— ತೀರ್ಥಹಳ್ಳಿ

ಉತ್ತರ: 446.0–446.2 ಮೆಗಾಹರ್ಟ್ಸ್‌ನ ಅರ್ಧ ವಾಟ್ ಸೆಟ್ಟಿಗೂ 27 ಮೆಗಾಹರ್ಟ್ಸ್‌ನ 5 ವಾಟ್ ಸಿಟಿಜನ್ ಬ್ಯಾಂಡ್‌ಗೂ ಲೈಸೆನ್ಸ್ ಬೇಡ. ಮಿಕ್ಕವು ಆನ್‌ಲೈನ್‌ನಲ್ಲಿ ಸಿಕ್ಕವೆಂದು ಬಳಸುವಂತಿಲ್ಲ. ಹ್ಯಾಮ್ ಪರೀಕ್ಷೆಗೆ 12 ವರ್ಷ ತುಂಬಿದವರೆಲ್ಲ ಕೂರಬಹುದು; ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬೇಕಿಲ್ಲ. ವಿಪತ್ತಿನಲ್ಲಿ ಜಿಲ್ಲಾಧಿಕಾರಿಯಂಥ ಅಧಿಕಾರಿಗಳ ಸಂದೇಶ ಸಾಗಿಸಲು ಹ್ಯಾಮ್‌ಗಳಿಗೆ ನಿಯಮದಲ್ಲೇ ಅವಕಾಶವಿದೆ. 2004ರ ಸುನಾಮಿಯಾದಾಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನ್‌ನಿಂದ ಹೊರಗೆ ಸುದ್ದಿ ದಾಟಿಸಿದ್ದು ಹ್ಯಾಮ್ ಸೆಟ್ಟಿನಲ್ಲೇ.

ಸಂದೇಶವನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳಿ: ಎಲ್ಲಿ, ಎಷ್ಟು ಜನ, ಏನು ಬೇಕು, ಎಷ್ಟು ಹೊತ್ತಿನ ಸುದ್ದಿ. ಗುಂಡಿ ಒತ್ತಿ ಒಂದು ಸೆಕೆಂಡ್ ತಡೆದು ಮಾತಾಡಿ. ಗೊರಗೊರದ ನಡುವೆ "ಹದಿಮೂರು" "ಹದಿನಾರು" ಆಗುತ್ತದೆ, "ಮೂರು" "ನೂರು" ಆಗುತ್ತದೆ. ಅದಕ್ಕೆ "ಒಂದು, ಮೂರು" ಎಂದು ಅಂಕಿ ಬಿಡಿಸಿ ಹೇಳಿ, ಕೇಳಿದವರು ತಿರುಗಿ ಒಪ್ಪಿಸಲಿ. ಕನ್ನಡದಲ್ಲಿ "ಇಲ್ಲ" ಬರುವುದು ಮಾತಿನ ಕೊನೆಗೆ. ಗುಂಡಿಯನ್ನು ಚೂರು ಬೇಗ ಬಿಟ್ಟರೆ "ಸೇತುವೆ ಮುಳುಗಿಲ್ಲ" ಎಂಬುದರಲ್ಲಿ ಆಚೆಯವರಿಗೆ ಕೇಳುವುದು "ಸೇತುವೆ ಮುಳುಗಿ" ಅಷ್ಟೇ. "ಸೇತುವೆ ಸರಿ ಇದೆ, ಬಸ್ಸು ಓಡಾಡುತ್ತಿದೆ" ಎನ್ನಿ.