ಇಂಟರ್ನ್‌ಶಿಪ್ ಆದ ಮೇಲೆ ಪಾಠ ರುಚಿಸದಿದ್ದರೆ
ಇಂಟರ್ನ್‌ಶಿಪ್ ಮುಗಿಸಿ ಬಂದ ಮೇಲೆ ಕ್ಲಾಸಿನಲ್ಲಿ ಮನಸ್ಸೇ ನಿಲ್ಲುತ್ತಿಲ್ಲ, ಓದು ಬಿಟ್ಟು ಕೆಲಸಕ್ಕೇ ಸೇರಲಾ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಇದು ನನ್ನ ಕೈಲಾಗುತ್ತದೆ, ನನ್ನ ಮಾತಿಗೂ ಬೆಲೆಯಿದೆ, ಜೊತೆಯವರು ನನ್ನವರು ಅನ್ನಿಸಿದಾಗ ಕಲಿಯುವ ಆಸೆ ಒಳಗಿನಿಂದಲೇ ಬರುತ್ತದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್. ಆಫೀಸಿನಲ್ಲಿ ನಿಮಗೆ ಅದು ಸಿಕ್ಕಿತು, ಕ್ಲಾಸಿನಲ್ಲಿ ಸಿಗುತ್ತಿಲ್ಲ, ಅಲ್ವಾ?

ಆದರೆ ಆಫೀಸಿನ ಕೆಲಸಕ್ಕೂ ಕ್ಲಾಸಿನ ಪಾಠಕ್ಕೂ ನಂಟಿದೆ. ನೀವೇ ಬರೆದಿದ್ದೀರಲ್ಲ, ಆಫೀಸಿನ ಡೇಟಾಬೇಸಿನಲ್ಲಿ ಒಬ್ಬ ಗ್ರಾಹಕರ ವಿಳಾಸ ಮೂರು ಕಡೆ ಇತ್ತು, ಒಂದು ಕಡೆ ತಿದ್ದಿದರೆ ಉಳಿದೆರಡು ಕಡೆ ಹಳೆಯದೇ ಉಳಿಯುತ್ತಿತ್ತು ಅಂತ. ಡೇಟಾಬೇಸ್ ಪಾಠದ ನಾರ್ಮಲೈಸೇಶನ್, ಅಂದರೆ ಒಂದು ಮಾಹಿತಿಯನ್ನು ಒಂದೇ ಕಡೆ ಇಡುವಂತೆ ಕೋಷ್ಟಕಗಳನ್ನು ಜೋಡಿಸುವ ಕ್ರಮ, ಇರುವುದೇ ಈ ತಾಪತ್ರಯ ತಪ್ಪಿಸಲು. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲೇ ಅದಕ್ಕೆ ದಾರಿ ತೋರಿಸಿದ್ದರು. ಇವತ್ತೇ ಆ ಅಧ್ಯಾಯ ತೆರೆದು ನೋಡಿ. ಅಲ್ಲಿ ಕಾಡಿದ ಪ್ರಶ್ನೆಗಳನ್ನು ಮೇಷ್ಟ್ರ ಮುಂದಿಡಿ. ಸಾಧ್ಯವಾದರೆ ಆ ವಿಳಾಸದ ತಾಪತ್ರಯ ಬಗೆಹರಿಸುವುದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಳ್ಳಿ.